ಹಳೇ ಫರ್ನೇಸಿಗೆ ಹೊಸ ಥರ್ಮೋಸ್ಟಾಟ್: ಬಿಚ್ಚುವ ಮುಂಚೆ, ಬಿಚ್ಚಿದ ಮೇಲೆ

ನಿಪ್ಪಟ್ಟಿನಷ್ಟು ಅಗಲ, ಹೆಚ್ಚುಕಮ್ಮಿ ನಿಪ್ಪಟ್ಟಿನದೇ ಬಣ್ಣ. ಮಿಶಿಗನ್‌ನಲ್ಲಿ ನಾವು ಕೊಂಡ 1950ರ ದಶಕದ ಮನೆಯ ಹಾಲಿನ ಗೋಡೆಯಲ್ಲಿ ಅಂಥದ್ದೊಂದು ದುಂಡನೆಯ ಥರ್ಮೋಸ್ಟಾಟ್ ಇತ್ತು. ಅಂಚು ಹಿಡಿದು ತಿರುಗಿಸಿದರೆ ಕೆಳಗೆ ಬೇಸ್‌ಮೆಂಟಿನಲ್ಲಿ ಮನೆ ಬೆಚ್ಚಗೆ ಮಾಡುವ ಗ್ಯಾಸ್ ಫರ್ನೇಸ್ ಗುರ್ ಅನ್ನುತ್ತಿತ್ತು. ಮೂರನೇ ಚಳಿಗಾಲಕ್ಕೆ ಅದರ ತಲೆ ಕೆಟ್ಟಿತು. 68 ಡಿಗ್ರಿ ಫ್ಯಾರನ್‌ಹೀಟಿಗೆ ಇಟ್ಟರೆ ಒಂದು ದಿನ 62ಕ್ಕೇ ನಿಲ್ಲುವುದು, ಇನ್ನೊಂದು ದಿನ 74 ಆದರೂ ಉರಿಯುತ್ತಲೇ ಇರುವುದು.

ಹೊಸದು ತಂದೆ. ಅದಕ್ಕೆ ಇನ್ನೊಂದು ವೈರ್ ಬೇಕು ಅಂತ ಡಬ್ಬಿಯ ಮೇಲೆ ಬರೆದಿತ್ತು. ಅದನ್ನೂ ಎಳೆದೆ. ಫರ್ನೇಸ್ ಆಫ್ ಮಾಡಲು ಬೇಸ್‌ಮೆಂಟಿಗೆ ಇಳಿಯಬೇಕಲ್ಲ ಅಂತ ಸೋಮಾರಿತನ ಮಾಡಿ, ಆನ್ ಇರುವಾಗಲೇ ಕೈಹಾಕಿದೆ. ಹೊಸ ವೈರಿನ ಬರಿ ತುದಿ ಕೆಂಪು ವೈರಿಗೆ ತಾಗಿ ಒಂದು ಚಿಕ್ಕ ಕಿಡಿ ಬಂತು, ಅಷ್ಟೇ. ಕೆಳಗೆ ಹೋಗಿ ನೋಡಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆ. ಅದು ಜನವರಿಯ ಭಾನುವಾರ ರಾತ್ರಿ. ಮಕ್ಕಳು ಸ್ವೆಟರ್ ಹಾಕಿಕೊಂಡೇ ಮಲಗಿದರು. ಹೆಂಡತಿ ಏನಂದಳು ಅನ್ನುವುದು ಇಲ್ಲಿ ಬೇಡ.

ಸ್ಕ್ರೂ ತಿರುಗಿಸುವ ಕೆಲಸ ಕಾಲು ಗಂಟೆಯದು. ಗೋಡೆಯಿಂದ ಬಂದ ಯಾವ ವೈರ್ ಎಲ್ಲಿಂದ ಬಂದಿದೆ ಅಂತ ಗೊತ್ತುಮಾಡಿಕೊಳ್ಳುವುದೇ ನಿಜವಾದ ಕೆಲಸ. ಈ ಲೇಖನದಲ್ಲಿ ಹೆಚ್ಚು ಜಾಗ ಅದಕ್ಕೇ.

ಇದು ಬರೀ ಸ್ವಿಚ್ಚು

ಇಸ್ತ್ರಿಪೆಟ್ಟಿಗೆ ಕಾದಾಗ ಟಿಕ್ ಅಂತ ದೀಪ ಆರುತ್ತದಲ್ಲ, ಅಲ್ಲಿರುವುದೂ ಥರ್ಮೋಸ್ಟಾಟೇ. ಎರಡು ಬೇರೆ ಬೇರೆ ಲೋಹ ಬೆಸೆದ ಪಟ್ಟಿ ಶಾಖಕ್ಕೆ ಬಾಗಿ ಕರೆಂಟ್ ಕಡಿಯುತ್ತದೆ. ಗೋಡೆಯ ಮೇಲಿನದು ಮಾಡುವುದೂ ಇಷ್ಟೇ: ಮನೆ ತಣ್ಣಗಾದರೆ ಎರಡು ವೈರ್ ಕೂಡಿಸುವುದು, ಬೆಚ್ಚಗಾದರೆ ಬಿಡಿಸುವುದು. ಕೂಡಿದಾಗ ಫರ್ನೇಸಿನ ಗ್ಯಾಸ್ ವಾಲ್ವ್ ತೆರೆದುಕೊಳ್ಳುತ್ತದೆ, ಬರ್ನರ್ ಹೊತ್ತಿಕೊಳ್ಳುತ್ತದೆ. ಇದೆಲ್ಲ ಶುರುವಾದದ್ದು ಇಲ್ಲಿನ ಚಳಿಯ ಊರಲ್ಲೇ. 1885ರಲ್ಲಿ ಮಿನಿಯಾಪೊಲಿಸ್‌ನ ಆಲ್ಬರ್ಟ್ ಬಟ್ಜ್ ಎಂಬಾತ, ಮನೆ ತಣ್ಣಗಾದರೆ ಕಲ್ಲಿದ್ದಲ ಫರ್ನೇಸಿನ ಗಾಳಿಬಾಗಿಲು ತಾನಾಗಿ ತೆರೆಯುವ ಸಾಧನ ಮಾಡಿದ. ಮುಂದೆ ಹನಿವೆಲ್ ಆದ ಕಂಪನಿಯ ಬೇರು ಅಲ್ಲಿದೆ.

ಬರೀ ಸ್ವಿಚ್ಚು ಅನ್ನುವುದು ನೆನಪಿದ್ದರೆ ಇನ್ನೊಂದು ಜಗಳವೂ ತಪ್ಪುತ್ತದೆ. ಊರಿಂದ ಬಂದ ಅಪ್ಪ, ಬೇಗ ಬೆಚ್ಚಗಾಗಲಿ ಅಂತ 80ಕ್ಕೆ ತಿರುಗಿಸುತ್ತಿದ್ದರು. ಹಳೇ ಫರ್ನೇಸಿಗೆ ಉರಿಯುವುದು ಗೊತ್ತು, ಆರುವುದು ಗೊತ್ತು, ಜೋರಾಗಿ ಉರಿಯುವುದು ಗೊತ್ತಿಲ್ಲ. 80ಕ್ಕಿಟ್ಟರೂ 68 ತಲುಪಲು ಅಷ್ಟೇ ಹೊತ್ತು ಬೇಕು. ಆಮೇಲೂ ನಿಲ್ಲದೆ ಉರಿಯುತ್ತದೆ, ಅಷ್ಟೇ ವ್ಯತ್ಯಾಸ.

ನಿಮ್ಮದು ಯಾವ ಜಾತಿ?

ಅಂಗಡಿಗೆ ಓಡುವ ಮುಂಚೆ ಇದು ಇತ್ಯರ್ಥ ಆಗಲೇಬೇಕು. ಹಳೇ ಮನೆಗಳಲ್ಲಿ ಮೂರು ಬಗೆ ಸಿಗುತ್ತವೆ.

ಬಹುಪಾಲು ಮನೆಗಳಲ್ಲಿ ಇರುವುದು 24 ವೋಲ್ಟಿನ ವ್ಯವಸ್ಥೆ. ಫರ್ನೇಸಿನೊಳಗಿನ ಚಿಕ್ಕ ಟ್ರಾನ್ಸ್‌ಫಾರ್ಮರ್ ಮನೆಯ 120 ವೋಲ್ಟನ್ನು 24ಕ್ಕೆ ಇಳಿಸುತ್ತದೆ. ಗೋಡೆಯಿಂದ ಬರುವ ವೈರ್‌ಗಳು ತೆಳ್ಳಗೆ, ಡೋರ್‌ಬೆಲ್ ವೈರಿನ ಹಾಗಿರುತ್ತವೆ. ಈ ಲೇಖನ ಇವರಿಗೆ.

ಎರಡನೆಯದು ಗೋಡೆಯಿಂದ ದಪ್ಪ ವೈರ್‌ಗಳು ಬರುವಂಥದ್ದು, ತುದಿಗೆ ಪ್ಲಾಸ್ಟಿಕ್ ಟೋಪಿ ತಿರುಪಿರುತ್ತಾರೆ. ಅದು 120 ಅಥವಾ 240 ವೋಲ್ಟ್, ಗೋಡೆಯ ಬುಡದಲ್ಲಿ ಉದ್ದಕ್ಕೆ ಕೂತ ಎಲೆಕ್ಟ್ರಿಕ್ ಹೀಟರಿನದು. 24 ವೋಲ್ಟಿನ ಥರ್ಮೋಸ್ಟಾಟ್ ಅದಕ್ಕೆ ಹಾಕಿದರೆ ಬೆಂಕಿ ಹತ್ತಬಹುದು. ಮುಚ್ಚಳ ವಾಪಸ್ ಹಾಕಿ ಎಲೆಕ್ಟ್ರಿಷಿಯನ್‌ಗೆ ಹೇಳಿಬಿಡಿ.

ಮೂರನೆಯದು ಸ್ವಾರಸ್ಯದ್ದು. ನೆಲದೊಳಗೋ ಗೋಡೆಯೊಳಗೋ ಕೂತ ಹಳೇ ಹೀಟರುಗಳು, ಫ್ಯಾನ್ ಇಲ್ಲದ ಕೆಲವು ಮುದಿ ಫರ್ನೇಸ್‌ಗಳು ಹೊರಗಿನ ಕರೆಂಟನ್ನೇ ಮುಟ್ಟುವುದಿಲ್ಲ. ಪೈಲಟ್ ಲೈಟ್ ಅನ್ನುವ, ಸದಾ ಉರಿಯುವ ಪುಟ್ಟ ಜ್ವಾಲೆಯ ಶಾಖದಿಂದಲೇ ಸುಮಾರು 750 ಮಿಲಿವೋಲ್ಟ್ ಹುಟ್ಟಿಸಿಕೊಂಡು ಗ್ಯಾಸ್ ವಾಲ್ವ್ ತೆರೆಯುತ್ತವೆ. ಮುಕ್ಕಾಲು ವೋಲ್ಟು! ಬಿರುಗಾಳಿಗೆ ಊರಿಗೂರೇ ಕರೆಂಟ್ ಹೋದರೂ ಇವು ಉರಿಯುತ್ತಿರುತ್ತವೆ. ಹೀಟರಿಗೆ ಕರೆಂಟ್ ವೈರೇ ಬಂದಿಲ್ಲ, ಗ್ಯಾಸ್ ವಾಲ್ವಿನ ಮೇಲೆ ಟಿಎಚ್, ಟಿಪಿ ಅಂತ ಬರೆದಿದೆ ಅಂದರೆ ಇದೇ. ಇದಕ್ಕೆ ಮಿಲಿವೋಲ್ಟ್‌ಗೂ ಆಗುತ್ತದೆ ಅಂತ ಡಬ್ಬಿಯ ಮೇಲೆ ಬರೆದಿರುವ, ಬ್ಯಾಟರಿಯಲ್ಲಿ ನಡೆಯುವ ಥರ್ಮೋಸ್ಟಾಟ್ ಮಾತ್ರ ಹಾಕಬೇಕು. 24 ವೋಲ್ಟ್ ಹತ್ತಿರವೂ ತರಬೇಡಿ.

ದುಡ್ಡು ಹಾಕುವ ಮುಂಚೆ ಒಂದು ಪರೀಕ್ಷೆ

ಮೊದಲು ಫರ್ನೇಸ್ ಆಫ್ ಮಾಡಿ. ಫರ್ನೇಸಿನ ಪಕ್ಕದಲ್ಲೋ ಬೇಸ್‌ಮೆಂಟ್ ಮೆಟ್ಟಿಲ ಬಳಿಯೋ ಲೈಟ್ ಸ್ವಿಚ್ಚಿನಂಥದ್ದು ಒಂದಿರುತ್ತದೆ, ಬಹಳ ಕಡೆ ಅದರ ಪಟ್ಟಿ ಕೆಂಪಗಿರುತ್ತದೆ. ಅದನ್ನು ಆಫ್ ಮಾಡಿ, ಬ್ರೇಕರನ್ನೂ ಇಳಿಸಿ. ಮನೆಗೆ ಎಸಿ ಇದ್ದರೆ ಅದರ ಬ್ರೇಕರನ್ನೂ.

ಈಗ ಥರ್ಮೋಸ್ಟಾಟ್ ಮುಚ್ಚಳ ತೆಗೆದು ಫೋನಿನಲ್ಲಿ ಫೋಟೋ ತೆಗೆಯಿರಿ. ಒಂದಲ್ಲ, ನಾಲ್ಕು. ವೈರಿನ ಬಣ್ಣ, ಅದು ಸೇರಿದ ಸ್ಕ್ರೂ ಪಕ್ಕದ ಅಕ್ಷರ ಎರಡೂ ಒಂದೇ ಫೋಟೋದಲ್ಲಿ ಓದುವಂತಿರಬೇಕು. ನಿಮ್ಮ ಕೈ ನೆರಳು ಬಿದ್ದ ಮಸುಕು ಫೋಟೋ ಆಮೇಲೆ ಯಾವ ಕೆಲಸಕ್ಕೂ ಬರುವುದಿಲ್ಲ.

ಆರ್ ಮತ್ತು ಡಬ್ಲ್ಯೂ ಅನ್ನುವ ಎರಡು ವೈರ್ ಬಿಚ್ಚಿ, ತಾಮ್ರದ ತುದಿಗಳನ್ನು ಒಂದಕ್ಕೊಂದು ಹೊಸೆಯಿರಿ. ಬೇರೆ ವೈರಿದ್ದರೆ ಅವು ಯಾವುದಕ್ಕೂ ತಾಗದಂತೆ ದೂರ ಬಗ್ಗಿಸಿಡಿ. ಈಗ ಫರ್ನೇಸ್ ಆನ್ ಮಾಡಿ. ಬರ್ನರ್ ಹೊತ್ತಿಕೊಂಡು, ಒಂದೆರಡು ನಿಮಿಷಕ್ಕೆ ಫ್ಯಾನ್ ತಿರುಗಿತು ಅಂದರೆ ಫರ್ನೇಸ್ ಸರಿಯಿದೆ, ಕೆಟ್ಟಿದ್ದು ಥರ್ಮೋಸ್ಟಾಟ್. ಹೊತ್ತಿಕೊಳ್ಳಲಿಲ್ಲವೋ, ಹೊಸ ಥರ್ಮೋಸ್ಟಾಟ್ ತಂದರೂ ಹೊತ್ತಿಕೊಳ್ಳುವುದಿಲ್ಲ. ಆಗ ಪೈಲಟ್, ಟ್ರಾನ್ಸ್‌ಫಾರ್ಮರ್, ಗ್ಯಾಸ್ ವಾಲ್ವ್ ಕಡೆ ನೋಡಬೇಕು, ಅದು ಮೆಕ್ಯಾನಿಕ್‌ನ ಕೆಲಸ. ನಮ್ಮ ಪರಿಚಯದವರೊಬ್ಬರು ಇಷ್ಟನ್ನೂ ನೋಡದೆ ಎರಡು ಥರ್ಮೋಸ್ಟಾಟ್ ಬದಲಾಯಿಸಿದ್ದರು. ಪೈಲಟ್ ಆರಿಹೋಗಿತ್ತು, ಅಷ್ಟೇ.

ಪರೀಕ್ಷೆ ಆದಮೇಲೆ ಮತ್ತೆ ಆಫ್ ಮಾಡಿ ವೈರ್ ಬಿಡಿಸಿ. ಹೊಸೆದ ವೈರನ್ನು ಹಾಗೇ ಬಿಟ್ಟು ಹೋಗುವಂತಿಲ್ಲ, ಫರ್ನೇಸಿಗೆ ಮನೆ ಎಷ್ಟು ಬೆಚ್ಚಗಾಯಿತು ಅಂತ ಹೇಳುವವರೇ ಇರುವುದಿಲ್ಲ. ಇನ್ನೊಂದು ಮಾತು: ಎಲ್ಲಾದರೂ ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಎಲ್ಲರೂ ಹೊರಗೆ ಬಂದು, ಅಲ್ಲಿಂದ ಗ್ಯಾಸ್ ಕಂಪನಿಗೆ ಫೋನ್ ಮಾಡಿ.

ಹಳೆಯದರೊಳಗಿನ ಪಾದರಸ

ದುಂಡನೆಯ ಥರ್ಮೋಸ್ಟಾಟ್ ಹನಿವೆಲ್ ಕಂಪನಿ 1953ರಲ್ಲಿ ಮಾರುಕಟ್ಟೆಗೆ ತಂದದ್ದು. ಹೆನ್ರಿ ಡ್ರೇಫಸ್ ಅದರ ರೂಪ ಕೊಟ್ಟವರು. ಮುಚ್ಚಳ ತೆಗೆದು ಒಮ್ಮೆ ನೋಡಿ, ಎಸೆಯುವ ಮುಂಚೆ ನೋಡಲೇಬೇಕಾದ ವಸ್ತು ಅದು. ಗಡಿಯಾರದ ಸ್ಪ್ರಿಂಗಿನಂಥ ಲೋಹದ ಸುರುಳಿ. ಅದರ ನೆತ್ತಿಯ ಮೇಲೆ ಬೆರಳಿನ ಗೆಣ್ಣಿನಷ್ಟು ಗಾಜಿನ ಕೊಳವೆ. ಕೊಳವೆಯೊಳಗೆ ಬೆಳ್ಳಿಯಂಥ ಒಂದು ಹನಿ. ಚಳಿಗೆ ಸುರುಳಿ ಬಿಗಿದುಕೊಂಡರೆ ಕೊಳವೆ ಒಂದು ಕಡೆ ವಾಲುತ್ತದೆ, ಹನಿ ಉರುಳಿ ಎರಡು ತಂತಿಯ ತುದಿ ಮುಚ್ಚುತ್ತದೆ, ಫರ್ನೇಸ್ ಹೊತ್ತಿಕೊಳ್ಳುತ್ತದೆ. ಬ್ಯಾಟರಿಯಿಲ್ಲ, ಸ್ಕ್ರೀನಿಲ್ಲ. ಇಂಥದ್ದು ಸೊಟ್ಟಗೆ ಕೂತರೆ ಮಾತ್ರ ತಪ್ಪು ಲೆಕ್ಕ ಹೇಳುತ್ತದೆ. ನಮ್ಮದು ಕೆಟ್ಟದ್ದು ಹೀಗೇ ಅಂತ ಬಿಚ್ಚಿದಾಗ ಗೊತ್ತಾಯಿತು: ಒಂದು ಸ್ಕ್ರೂ ಸಡಿಲವಾಗಿ ಇಡೀ ಸಾಧನ ಓರೆಯಾಗಿತ್ತು. ನೀವು ಮೊದಲು ನೆಟ್ಟಗೆ ಕೂರಿಸಿ ನೋಡಿ. ಅಷ್ಟಕ್ಕೇ ಸರಿಹೋದರೆ ಮುಂದಿನದ್ದು ಓದುವುದೇ ಬೇಡ.

ಆ ಹನಿ ಪಾದರಸ. ಒಂದು ಕೊಳವೆಯಲ್ಲಿ ಸುಮಾರು 3 ಗ್ರಾಂ ಇರುತ್ತದೆ. ಚಟುವಟಿಕೆಯ ಹುಡುಗರನ್ನು ಪಾದರಸ ಅಂತ ಹೊಗಳುತ್ತೇವೆ, ಸರಿ. ಆದರೆ ಕಾರ್ಪೆಟ್ ಮೇಲೆ ಚೆಲ್ಲಿದ ಪಾದರಸ ಹಿಡಿಯಲೂ ಆಗುವುದಿಲ್ಲ, ಅದರ ಆವಿ ವಿಷ. ಒಡೆದುಹೋದರೆ ವ್ಯಾಕ್ಯೂಮ್ ಹಾಕಲೇಬೇಡಿ, ಆವಿ ಮನೆಯೆಲ್ಲ ಹರಡುತ್ತದೆ. ಮಕ್ಕಳನ್ನು ಆಚೆ ಕಳಿಸಿ, ಕಿಟಕಿ ತೆಗೆದು, ನಿಮ್ಮ ಊರಿನ ಆರೋಗ್ಯ ಇಲಾಖೆಗೆ ಫೋನ್ ಮಾಡಿ. ಒಡೆಯದಿದ್ದರೆ ಇಡೀ ಥರ್ಮೋಸ್ಟಾಟನ್ನು ಹಾಗೇ ಜಿಪ್ ಕವರಿಗೆ ಹಾಕಿ ಕೌಂಟಿಯ ಅಪಾಯಕಾರಿ ಕಸದ ಕೇಂದ್ರಕ್ಕೆ ಕೊಡಿ. ಇದನ್ನೇ ಸಂಗ್ರಹಿಸಲು ಕಂಪನಿಗಳು ಸೇರಿ 1998ರಲ್ಲಿ ಥರ್ಮೋಸ್ಟಾಟ್ ರೀಸೈಕ್ಲಿಂಗ್ ಕಾರ್ಪೊರೇಷನ್ ಮಾಡಿಕೊಂಡಿವೆ. ಕಸದ ಬುಟ್ಟಿಗೆ ಮಾತ್ರ ಬೇಡ.

ವೈರ್‌ಗಳ ಹೆಸರು

ಒಂದೊಂದೇ ವೈರ್ ಬಿಚ್ಚಿ, ಬಿಚ್ಚಿದ ಕೂಡಲೇ ಅದು ಯಾವ ಅಕ್ಷರದಲ್ಲಿತ್ತೋ ಆ ಅಕ್ಷರ ಬರೆದ ಟೇಪು ಸುತ್ತಿ. ಎಲ್ಲ ಬಿಚ್ಚಿದ ಮೇಲೆ ವೈರ್ ಗೊಂಚಲನ್ನು ಪೆನ್ಸಿಲಿಗೆ ಒಂದು ಸುತ್ತು ಹಾಕಿಡಿ. ಇಲ್ಲದಿದ್ದರೆ ಅದು ಹಾವು ಬಿಲಕ್ಕೆ ಸರಿದ ಹಾಗೆ ಗೋಡೆಯೊಳಗೆ ಸರಕ್ಕನೆ ಇಳಿದುಬಿಡುತ್ತದೆ. ಆಮೇಲೆ ಹ್ಯಾಂಗರ್ ತಂತಿ ಬಗ್ಗಿಸಿಕೊಂಡು ಗಾಳ ಹಾಕುತ್ತಾ ಕೂರಬೇಕು.

ಆರ್ ಅಂದರೆ ಟ್ರಾನ್ಸ್‌ಫಾರ್ಮರಿನಿಂದ ಬರುವ 24 ವೋಲ್ಟ್. ಡಬ್ಲ್ಯೂ ಶಾಖಕ್ಕೆ. ಹೀಟ್ ಮಾತ್ರ ಇರುವ ಹಳೇ ಮನೆಗಳಲ್ಲಿ ಈ ಎರಡೇ. ಫ್ಯಾನಿಗೆ ಜಿ, ಎಸಿಗೆ ವೈ. ಸಿ ಅಂದರೆ ಕರೆಂಟ್ ವಾಪಸ್ ಹೋಗುವ ದಾರಿ, ಕಾಮನ್. ಸಾಮಾನ್ಯವಾಗಿ ಆರ್‌ಗೆ ಕೆಂಪು, ಡಬ್ಲ್ಯೂಗೆ ಬಿಳಿ, ಜಿಗೆ ಹಸಿರು, ವೈಗೆ ಹಳದಿ, ಸಿಗೆ ನೀಲಿ ಅಥವಾ ಕಪ್ಪು. ಸಾಮಾನ್ಯವಾಗಿ ಅಂದೆ, ಗಮನಿಸಿ. ಅರವತ್ತು ವರ್ಷದಲ್ಲಿ ಆ ಮನೆಗೆ ಎಷ್ಟು ಜನ ಬಂದು ಕೈಯಾಡಿಸಿದ್ದಾರೋ! ಬಣ್ಣ ನಂಬಬೇಡಿ, ಅಕ್ಷರ ನಂಬಿ. ಫರ್ನೇಸಿನ ಕಡೆ ಅದೇ ವೈರ್ ಎಲ್ಲಿ ಸೇರಿದೆ ಅಂತ ನೋಡಿದರೆ ಇನ್ನೂ ಒಳ್ಳೆಯದು. ಬಿ ಅಂತ ಬರೆದ ಕಡೆ ವೈರಿದ್ದರೆ ಅದನ್ನು ಸಿ ಅಂದುಕೊಳ್ಳಬೇಡಿ. ಕೆಲವು ಕಂಪನಿಗಳಲ್ಲಿ ಬಿ ಅಂದರೆ ಕಾಮನ್, ಎಸಿಯ ಹಾಗೆ ನಡೆದು ಮನೆ ಬೆಚ್ಚಗೆ ಮಾಡುವ ಹೀಟ್ ಪಂಪ್‌ನಲ್ಲಿ ಅದು ಬೇರೆಯೇ ಕೆಲಸ.

ಹೊಸ ಥರ್ಮೋಸ್ಟಾಟಿನಲ್ಲಿ ಆರ್‌ಎಚ್, ಆರ್‌ಸಿ ಅಂತ ಎರಡು ಆರ್ ಇರಬಹುದು. ನಿಮ್ಮಲ್ಲಿ ಒಂದೇ ಆರ್ ವೈರ್ ಇದ್ದರೆ ಎರಡರ ನಡುವಿನ ಚಿಕ್ಕ ತಂತಿಯ ಸೇತುವೆಯನ್ನು ಹಾಗೇ ಬಿಡಿ.

ಸಿ ವೈರ್ ಎಂಬ ತಲೆನೋವು

ಪಾದರಸದ ಥರ್ಮೋಸ್ಟಾಟಿಗೆ ಊಟ ಬೇಡವಾಗಿತ್ತು. ವೈಫೈ ಇರುವ ಹೊಸದಕ್ಕೆ ದಿನವಿಡೀ ಕರೆಂಟ್ ಬೇಕು. ಆರ್‌ನಿಂದ ಬಂದ ಕರೆಂಟ್ ವಾಪಸ್ ಹೋಗಲು ಸಿ ಬೇಕು. ಸಿ ಇಲ್ಲದೆಯೂ ನಡೆಯುತ್ತದೆ ಅನ್ನುವ ಕೆಲವು ಥರ್ಮೋಸ್ಟಾಟ್‌ಗಳು ಡಬ್ಲ್ಯೂ ವೈರಿನ ಮೂಲಕವೇ ಚೂರುಚೂರು ಕರೆಂಟ್ ಕದಿಯುತ್ತವೆ. ಹಳೇ ಫರ್ನೇಸಿನೊಂದಿಗೆ ಈ ಕಳ್ಳತನ ಎಷ್ಟೋ ಸಲ ನಡೆಯುವುದಿಲ್ಲ. ಒಂದು ಬೆಳಿಗ್ಗೆ ಸ್ಕ್ರೀನ್ ಕಪ್ಪಗಾಗಿ ಮನೆ ತಣ್ಣಗಾಗಿರುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಎರಡೇ ವೈರ್ ಇರುವ ಮನೆಗೆ ಎರಡು ಡಬಲ್ ಎ ಬ್ಯಾಟರಿಯಲ್ಲಿ ನಡೆಯುವ, ದಿನದ ಹೊತ್ತಿಗೆ ತಕ್ಕಂತೆ ಸೆಟ್ ಮಾಡಬಹುದಾದ ಸಾದಾ ಥರ್ಮೋಸ್ಟಾಟ್ ಸಾಕು. ನವೆಂಬರಿನಲ್ಲಿ ಗಡಿಯಾರ ಒಂದು ಗಂಟೆ ಹಿಂದಿಡುವ ದಿನ ಬ್ಯಾಟರಿ ಬದಲಾಯಿಸಿ, ಚಳಿಗಾಲವಿಡೀ ಮರೆತುಬಿಡಿ. ಇಲ್ಲ, ಆಫೀಸಿನಿಂದಲೇ ಫೋನಲ್ಲಿ ಮನೆ ಬೆಚ್ಚಗೆ ಮಾಡಬೇಕು ಅಂದರೆ ಮುಂದೆ ಓದಿ.

ಮೊದಲು ಗೋಡೆಯ ತೂತಿನೊಳಗೆ ಇಣುಕಿ. ಬಳಸದ ವೈರೊಂದು ಹಿಂದಕ್ಕೆ ಮಡಚಿಕೊಂಡು ಕೂತಿರಬಹುದು. ಸಿಕ್ಕರೆ ನಿಮ್ಮ ಅದೃಷ್ಟ, ಅದರ ಇನ್ನೊಂದು ತುದಿಯನ್ನು ಫರ್ನೇಸಿನಲ್ಲಿ ಸಿಗೆ ಸೇರಿಸಿದರೆ ಆಯಿತು. ಸಿಗದಿದ್ದರೆ ಹೊಸ ಕೇಬಲ್ ಎಳೆಯಿರಿ. ಅಂಗಡಿಯಲ್ಲಿ 18/5 ಥರ್ಮೋಸ್ಟಾಟ್ ವೈರ್ ಅಂತ ಕೇಳಿ: 18 ಗೇಜಿನ ಐದು ಎಳೆ. ಮೂರೇ ಸಾಕಲ್ಲ ಅಂತ ಜಿಪುಣತನ ಮಾಡಬೇಡಿ, ನಾಳೆ ಎಸಿ ಹಾಕಿಸಿದಾಗ ಬೇಕಾಗುತ್ತದೆ. ಹಳೇ ವೈರಿನ ತುದಿಗೆ ಹೊಸದನ್ನು ಟೇಪಿನಿಂದ ಬಿಗಿದು ಕೆಳಗಿನಿಂದ ಎಳೆದರೆ, ಲಾಡಿಗೆ ಪಿನ್ನು ಪೋಣಿಸಿದ ಹಾಗೆ ಬರುತ್ತದೆ. ಹಳೆಯವರು ಒಳಗೆ ಮೊಳೆ ಹೊಡೆದು ಬಿಗಿದಿದ್ದರೆ ಬರುವುದಿಲ್ಲ. ಜಗ್ಗಾಡಿ ಹರಿಯಬೇಡಿ, ಪಕ್ಕದಲ್ಲೇ ಹೊಸ ತೂತು ಮಾಡಿ.

ಫರ್ನೇಸಿನಲ್ಲಿ ಸಿ ಎಲ್ಲಿದೆ? ಸರ್ಕ್ಯೂಟ್ ಬೋರ್ಡ್ ಇದ್ದರೆ ಅದರ ಮೇಲೆ ಸಿ ಅಂತಲೇ ಬರೆದಿರುತ್ತದೆ. ಬೋರ್ಡೇ ಇಲ್ಲದ ಮುದಿ ಫರ್ನೇಸಾದರೆ ಟ್ರಾನ್ಸ್‌ಫಾರ್ಮರ್ ಹುಡುಕಿ. 24 ವೋಲ್ಟಿನ ಕಡೆ ಎರಡು ಸ್ಕ್ರೂ ಇರುತ್ತವೆ. ಒಂದರಿಂದ ಆರ್ ವೈರ್ ಮೇಲೆ ಹೋಗಿರುತ್ತದೆ, ಇನ್ನೊಂದು ಗ್ಯಾಸ್ ವಾಲ್ವಿನ ಕಡೆಗೆ. ಆ ಇನ್ನೊಂದೇ ಸಿ. ಗ್ಯಾಸ್ ವಾಲ್ವಿನ ಮೇಲಿನಿಂದ ತೆಗೆದುಕೊಳ್ಳಬೇಡಿ. ನಡುವೆ ಸುರಕ್ಷತೆಯ ಸ್ವಿಚ್ ಇರಬಹುದು, ಟ್ರಾನ್ಸ್‌ಫಾರ್ಮರಿನ ಸ್ಕ್ರೂನಿಂದಲೇ ತೆಗೆದುಕೊಳ್ಳಿ. ಆಮೇಲೆ ಮೇಲೆ ಗೋಡೆಯ ಹತ್ತಿರ ವೈರ್ ತುದಿಗಳನ್ನು ದೂರ ದೂರ ಬಗ್ಗಿಸಿಟ್ಟು, ಫರ್ನೇಸ್ ಆನ್ ಮಾಡಿ, ಮಲ್ಟಿಮೀಟರನ್ನು ಎಸಿ ವೋಲ್ಟಿಗೆ (ಇಲ್ಲಿ ಎಸಿ ಅಂದರೆ ಏರ್ ಕಂಡೀಷನರಲ್ಲ, ಆಲ್ಟರ್ನೇಟಿಂಗ್ ಕರೆಂಟ್) ಇಟ್ಟು ಆರ್, ಸಿ ನಡುವೆ ಅಳೆಯಿರಿ. 24ರಿಂದ 28ರೊಳಗೆ ಬಂದರೆ ಸರಿಯಾಗಿದೆ. ಅಳೆದು ಮತ್ತೆ ಆಫ್. ನಾನು ಟ್ರಾನ್ಸ್‌ಫಾರ್ಮರ್ ಸುಟ್ಟದ್ದು ಇದೇ ಜಾಗದಲ್ಲಿ. ಹೊಸ ಫರ್ನೇಸ್‌ಗಳ ಬೋರ್ಡಿನಲ್ಲಿ ಕಾರಿನಲ್ಲಿರುವಂಥ 3 ಅಥವಾ 5 ಆಂಪ್ ಫ್ಯೂಸ್ ಇರುತ್ತದೆ, ತಪ್ಪಾದರೆ ಅದು ಹೋಗುತ್ತದೆ, ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ. ಹಳೆಯದರಲ್ಲಿ ಫ್ಯೂಸೇ ಇಲ್ಲ.

ವೈರ್ ಎಳೆಯಲು ಆಗದೇ ಹೋದರೆ ಗೋಡೆಯ ಪ್ಲಗ್ಗಿಗೆ ಹಾಕುವ 24 ವೋಲ್ಟಿನ ಅಡಾಪ್ಟರ್ ಸಿಗುತ್ತದೆ. ನಡೆಯುತ್ತದೆ, ಆದರೆ ಹಾಲಿನ ಗೋಡೆಯ ಮೇಲೆ ವೈರ್ ಇಳಿಬಿದ್ದಿರುತ್ತದೆ. ಹಾಕುವುದಾದರೆ ಥರ್ಮೋಸ್ಟಾಟಿನ ಪುಸ್ತಕದಲ್ಲಿ ಎರಡು ಟ್ರಾನ್ಸ್‌ಫಾರ್ಮರಿನ ಚಿತ್ರ ನೋಡಿಯೇ ಹಾಕಿ. ಆಗ ಆ ಆರ್‌ಎಚ್, ಆರ್‌ಸಿ ಸೇತುವೆ ತೆಗೆಯಬೇಕು, ಎರಡು ಟ್ರಾನ್ಸ್‌ಫಾರ್ಮರ್ ಒಂದನ್ನೊಂದು ಮುಟ್ಟಬಾರದು.

ಗೋಡೆಗೆ ಕೂರಿಸುವುದು

ಇದು ಸುಲಭ. ನೆಲದಿಂದ ಸುಮಾರು ಐದಡಿ ಎತ್ತರ, ಮನೆಯ ಒಳಗೋಡೆ. ಬಿಸಿಲು ಬೀಳುವ ಕಡೆ, ಬಿಸಿಗಾಳಿಯ ಜಾಲರಿ ಎದುರು, ಒಗ್ಗರಣೆ ಶಾಖ ಬಡಿಯುವ ಅಡುಗೆಮನೆ ಪಕ್ಕ ಬೇಡ. ಹಳೆಯದು ಇದ್ದ ಜಾಗವೇ ಸಾಮಾನ್ಯವಾಗಿ ಸರಿಯಾಗಿರುತ್ತದೆ.

ಒಂದು ಕೆಲಸ ಮಾತ್ರ ಬಹಳ ಜನ ಬಿಡುತ್ತಾರೆ. ವೈರ್ ಬರುವ ತೂತನ್ನು ಮುಚ್ಚಿ. ಗೋಡೆಯೊಳಗಿನ ತಣ್ಣನೆ ಗಾಳಿ ಆ ತೂತಿನಿಂದ ಥರ್ಮೋಸ್ಟಾಟಿನ ಬೆನ್ನಿಗೆ ಊದುತ್ತಿರುತ್ತದೆ. ಮನೆ ಬೆಚ್ಚಗಿದ್ದರೂ ಅದಕ್ಕೆ ಚಳಿ. ಕೈ ಹಿಡಿದು ನೋಡಿ, ಗಾಳಿ ತಾಗುತ್ತದೆ. ಚೂರು ಪುಟ್ಟಿ ಮೆತ್ತಿದರೆ ಸಾಕು.

ತಾಮ್ರದ ತುದಿ ಮಸುಕಾಗಿದ್ದರೆ ಕತ್ತರಿಸಿ ಹೊಸದಾಗಿ ಕಾಲಂಗುಲದಷ್ಟು ಸುಲಿಯಿರಿ. ಫಲಕ ಗೋಡೆಗೆ ಬಿಗಿದು, ಒಂದೊಂದು ವೈರನ್ನು ಅದರದೇ ಅಕ್ಷರಕ್ಕೆ ಸೇರಿಸಿ, ಮೆಲ್ಲಗೆ ಎಳೆದು ನೋಡಿ. ಬರಿ ತಾಮ್ರ ಹೊರಗೆ ಕಾಣಬಾರದು.

ಸೆಟ್ಟಿಂಗ್

ಹೊಸ ಥರ್ಮೋಸ್ಟಾಟ್ ಮೊದಲು ಕೇಳುವುದು ಫರ್ನೇಸ್ ಯಾವುದು ಅಂತ. ಗ್ಯಾಸ್ ಅನ್ನಿ. ಗ್ಯಾಸ್ ಫರ್ನೇಸ್ ತನ್ನ ಫ್ಯಾನನ್ನು ತಾನೇ ನೋಡಿಕೊಳ್ಳುತ್ತದೆ. ಎಲೆಕ್ಟ್ರಿಕ್ ಅಂತ ಆರಿಸಿದರೆ ಮತ್ತು ಜಿ ವೈರ್ ಇದ್ದರೆ, ಬಿಸಿಯಾಗುವ ಮುಂಚೆಯೇ ಫ್ಯಾನ್ ತಣ್ಣನೆ ಗಾಳಿ ಊದುತ್ತದೆ.

ಇನ್ನೊಂದು, ಗಂಟೆಗೆ ಎಷ್ಟು ಸಲ ಹೊತ್ತಿಕೊಳ್ಳಬೇಕು ಅನ್ನುವ ಸೆಟ್ಟಿಂಗ್. ಪುಸ್ತಕದಲ್ಲಿ ಸಿಪಿಎಚ್ ಅಂತ ಇರುತ್ತದೆ. ಹಳೆಯದರಲ್ಲಿ ಈ ಕೆಲಸವನ್ನು ಒಳಗಿನ ಒಂದು ಚಿಕ್ಕ ಮುಳ್ಳು ಮಾಡುತ್ತಿತ್ತು. ಫ್ಯಾನ್ ಇರುವ, 90 ಪರ್ಸೆಂಟಿಗಿಂತ ಕಡಿಮೆ ದಕ್ಷತೆಯ ಹಳೇ ಗ್ಯಾಸ್ ಫರ್ನೇಸಿಗೆ 5. ಹೊಸ 90 ಪರ್ಸೆಂಟಿನವಕ್ಕೂ ಬಿಸಿನೀರಿನ ರೇಡಿಯೇಟರಿಗೂ 3. ಹಬೆಯ ರೇಡಿಯೇಟರ್, ಫ್ಯಾನ್ ಇಲ್ಲದ ಫರ್ನೇಸಿಗೆ 1. ಇದು ತಪ್ಪಾದರೆ ಫರ್ನೇಸ್ ಬಿಕ್ಕಳಿಕೆ ಬಂದವರ ಹಾಗೆ ಐದೈದು ನಿಮಿಷಕ್ಕೆ ಹತ್ತಿ ಆರುತ್ತದೆ, ಇಲ್ಲವೇ ಮನೆ ಒಮ್ಮೆ ಕಾದು ಒಮ್ಮೆ ತಣ್ಣಗಾಗುತ್ತದೆ.

ಹೊತ್ತಿಕೊಳ್ಳದಿದ್ದರೆ

ಗಾಬರಿ ಬೇಡ, ಮೊದಲು ಐದು ನಿಮಿಷ ಕಾಯಿರಿ. ಕೆಲವು ಥರ್ಮೋಸ್ಟಾಟ್ ಹೊಸದಾಗಿ ಆನ್ ಆದಾಗ ಬೇಕೆಂದೇ ತಡಮಾಡುತ್ತವೆ. ಆಮೇಲೆ ಫರ್ನೇಸಿನ ಬಾಗಿಲು ನೋಡಿ. ಬಹಳ ಫರ್ನೇಸ್‌ಗಳ ಬಾಗಿಲ ಹಿಂದೆ ಒಂದು ಸ್ವಿಚ್ ಇರುತ್ತದೆ, ಬಾಗಿಲು ಸರಿಯಾಗಿ ಕೂರದಿದ್ದರೆ ಇಡೀ ಫರ್ನೇಸ್ ಸತ್ತಂತೆ ಬಿದ್ದಿರುತ್ತದೆ. ನಂತರ ಕೆಂಪು ಪಟ್ಟಿಯ ಸ್ವಿಚ್ಚು, ಬ್ರೇಕರ್, ಪೈಲಟ್, ಫ್ಯೂಸ್. ಆರ್, ಡಬ್ಲ್ಯೂ ವೈರ್ ಹೊಸೆದಾಗ ಉರಿದು, ಥರ್ಮೋಸ್ಟಾಟ್ ಹಾಕಿದಾಗ ಉರಿಯದಿದ್ದರೆ ವೈರ್ ಸ್ಕ್ರೂನಲ್ಲಿ ಸರಿಯಾಗಿ ಕೂತಿಲ್ಲದಿರಬಹುದು.

ಈ ಕೆಲಸಕ್ಕೆ ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಆರಿಸಿಕೊಳ್ಳಿ. ಏನಾದರೂ ಕೈಕೊಟ್ಟರೆ ಅಂಗಡಿ ತೆಗೆದಿರುತ್ತದೆ, ಮೆಕ್ಯಾನಿಕ್ ಸಿಗುತ್ತಾನೆ, ಪೈಪಿನಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲ. ಅದೇ ದಿನ ಕಾರ್ಬನ್ ಮೊನಾಕ್ಸೈಡ್ ಅಲಾರಾಂ ಬಟನ್ ಒತ್ತಿ ಕೂಗುತ್ತದಾ ಅಂತಲೂ ನೋಡಿ. ಹಳೇ ಫರ್ನೇಸ್ ಇರುವ ಮನೆಗೆ ಅದು ಬೇಕೇ ಬೇಕು.

ಕೊನೆಗೆ ಒಂದು ಚೀಟಿಯಲ್ಲಿ ಯಾವ ಬಣ್ಣದ ವೈರ್ ಯಾವ ಅಕ್ಷರಕ್ಕೆ ಅಂತ ಬರೆದು, ತಾರೀಖು ಹಾಕಿ, ಫರ್ನೇಸ್ ಬಾಗಿಲ ಒಳಗಡೆ ಅಂಟಿಸಿ. ನಮ್ಮ ಫರ್ನೇಸಿನ ಒಳಗೂ ಹಾಗೊಂದು ಚೀಟಿ ಇತ್ತು, 1971ರದು, ಪೆನ್ಸಿಲಿನಲ್ಲಿ ಬರೆದದ್ದು. ಟ್ರಾನ್ಸ್‌ಫಾರ್ಮರ್ ಸುಟ್ಟ ಮೇಲೆ ಕಣ್ಣಿಗೆ ಬಿತ್ತು.